ಕೈಯಿಂದ ನೋಡಿದ ಬಸ್ಸು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅತಿಥಿಗಳೇ, ಇಂದು ನಿವೃತ್ತರಾಗುತ್ತಿರುವ ಈ ವಾಹನ ಸಂಗ್ರಹಾಲಯದ ಮೇಲ್ವಿಚಾರಕಿಯವರೇ, ಕುರ್ಚಿ ಸಿಗದೆ ಹಳೆಯ ಲಾರಿಗೆ ಒರಗಿ ನಿಂತಿರುವ ಸಭಿಕರೇ,

ಮೇಡಂ ಬಗ್ಗೆ ಎರಡು ಮಾತಾಡಿ ಅಂದರು. ಎರಡೇ ಮಾತಿಗೆ ನಿಲ್ಲಿಸಿದ ದಾಖಲೆ ನನ್ನ ಬಾಳಲ್ಲೇ ಇಲ್ಲ. ಸಹಿಸಿಕೊಳ್ಳಿ.

ನಮ್ಮ ಯಜಮಾನರು ಬಸ್ ಡ್ರೈವರ್ ಆಗಿದ್ದವರು. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋದವು. ಕಣ್ಣಿನ ಹಿಂದೆಯೇ ಮಾತೂ ಹೋಯಿತು. ಕುರ್ಚಿಯಲ್ಲಿ ಕೂತರೆ ಕೂತರು. ರಸ್ತೆಯಲ್ಲಿ ಬಸ್ಸಿನ ಸದ್ದಾದರೆ ಕಿಟಕಿ ಮುಚ್ಚಿಸುತ್ತಿದ್ದರು. ಗಂಡ ಪಕ್ಕದಲ್ಲೇ ಇದ್ದೂ ಒಂಟಿಯಾಗಿರುವುದು ಎಂಥದ್ದು, ಬಲ್ಲಿರಾ? ಗೋಡೆಗೆ ಬೈದಿದ್ದೇನೆ, ಅವರಿಗೂ ಬೈದಿದ್ದೇನೆ. ಇರಲಿ, ಇದು ಸಭೆ.

ನನ್ನ ತಂಗಿ ಹಟ ಹಿಡಿದು ನಮ್ಮನ್ನು ಇಲ್ಲಿಗೆ ಕರೆತಂದಳು. "ಕುರುಡನಿಗೆ ಮ್ಯೂಸಿಯಂ ತೋರಿಸ್ತೀಯೇನಮ್ಮ?" ಎಂದು ನಮ್ಮವರು ಬಾಗಿಲಲ್ಲೇ ರೇಗಿದರು. ಪ್ರತಿ ಗಾಡಿಯ ಮುಂದೆ ನಿಂತು ನಾನು ಫಲಕ ಓದಿದೆ. ಅಗೋ, ಆ ಹಸಿರು ಬಸ್ಸಿನ ಹತ್ತಿರ ಬಂದಾಗ, "ಸಾಕು, ನಡಿ ಮನೆಗೆ" ಅಂದರು.

ಅದು ಮೇಡಂ ಕಿವಿಗೆ ಬಿತ್ತು. ಬಂದವರೇ ಅಡ್ಡ ಕಟ್ಟಿದ್ದ ಹಗ್ಗ ಬಿಚ್ಚಿದರು. ಕಾವಲುಗಾರ ಗಾಬರಿಯಾದ. "ಮೇಡಂ, ಮುಟ್ಟಬಾರದು ಅಂತ ನೀವೇ ಬೋರ್ಡ್ ಹಾಕ್ಸಿದ್ದೀರಿ!"

"ಕಣ್ಣಲ್ಲಿ ನೋಡೋರಿಗೆ ಹಾಕ್ಸಿದ್ದು ಕಣಪ್ಪ. ಇವರು ಕೈಯಲ್ಲಿ ನೋಡ್ತಾರೆ. ಬನ್ನಿ ಅಣ್ಣಾ, ಹತ್ತಿ."

ನಮ್ಮವರು ಹೆಡ್‌ಲೈಟ್ ತಡವಿದರು, ಬಾನೆಟ್ ಸವರಿದರು. ಮೆಟ್ಟಿಲು ಕಾಲಿಗೆ ತಾನೇ ಸಿಕ್ಕಿತು. ಸೀಟಲ್ಲಿ ಕೂತು ಗೇರಿನ ಮೇಲೆ ಅಂಗೈ ಇಟ್ಟು ಮುಖ ಎತ್ತಿದರು.

"ಈ ಗಾಡೀಲಿ ಎರಡನೇ ಗೇರು ಮಹಾ ಮೊಂಡು ಮೇಡಂ. ನಮ್ಮನೆಯವಳ ಹಾಗೆ. ಗದರಿದ್ರೆ ಬೀಳಲ್ಲ, ರಮಿಸಬೇಕು."

ಎಷ್ಟೋ ತಿಂಗಳ ಮೇಲೆ ನನ್ನ ಬಗ್ಗೆ ಆಡಿದ ಮೊದಲ ಮಾತು ಅದು! ನಗಬೇಕೋ, ಅಳಬೇಕೋ? ಎರಡನ್ನೂ ಮಾಡಿದೆ.

ಮೇಡಂ ಅಷ್ಟಕ್ಕೇ ಬಿಡಲಿಲ್ಲ. ಕಣ್ಣಿಲ್ಲದವರು ಮುಟ್ಟಿ ನೋಡಲೆಂದು ಶನಿವಾರಗಳನ್ನು ಮೀಸಲಿಟ್ಟರು. ವಿವರಿಸುವ ಕೆಲಸ ನಮ್ಮವರಿಗೇ ಕೊಟ್ಟರು. ಗಾಡಿಗಳಿಗೆ ಗೀರು ಬಿದ್ದರೆ ಹೊಣೆ ಯಾರು ಎಂದು ಆಡಳಿತ ಮಂಡಳಿ ಕೇಳಿದಾಗ, "ನಾನು" ಅಂದವರು ಯಾರು? ಇವರು. ಕೇಳಿದವರು ಯಾರು? ಅಧ್ಯಕ್ಷರು ಮುಗುಳ್ನಗುತ್ತಿದ್ದಾರೆ, ಆ ಮಾತು ಅಲ್ಲಿಗೇ ಬಿಡೋಣ.

ಈಗ ಶನಿವಾರ ಬಂದರೆ ನಮ್ಮವರು ನಾನು ಏಳುವ ಮೊದಲೇ ಸ್ನಾನ ಮುಗಿಸಿರುತ್ತಾರೆ. ಊಟಕ್ಕೆ ತಡವಾಗಿ ಬರುತ್ತಾರೆ, ಬಂದವರು ಬಾಯಿ ಮುಚ್ಚುವುದಿಲ್ಲ. ಯಾರು ಯಾವ ಗಾಡಿ ಹತ್ತಿದರು, ಯಾರು ಹಾರನ್ ಒತ್ತಿ ಬೆಚ್ಚಿದರು, ಒಂದೇ ಸಮನೆ ವರದಿ. ಸಾರು ಆರಿಹೋಗುತ್ತದೆ. ನಾನು ಮಧ್ಯೆ ಬಾಯಿ ಹಾಕುವುದಿಲ್ಲ. ಆರಲಿ ಬಿಡಿ.

ಮೇಡಂ, ನಿಮ್ಮ ಋಣ ದೊಡ್ಡದು. ಇಷ್ಟು ಹೊತ್ತು ನಿಂತೇ ಕೇಳಿದವರ ಕಾಲುಗಳಿಗೂ ವಂದನೆ. ಎಲ್ಲರಿಗೂ ನಮಸ್ಕಾರ.