ತೆಂಗಿನಕಾಯಿ ನಿಂತ ಜಾಗ

ಕುಶಾಲನಗರದ ಬಸ್‌ಸ್ಟ್ಯಾಂಡಿನಲ್ಲಿ ಹೊಲಿಗೆ ಬಟ್ಟೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ರಂಜಿತಾಗೆ, ಪಕ್ಕದ ಇಬ್ಬರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅವರಲ್ಲಿ ವಯಸ್ಸಿನಲ್ಲಿ ಚಿಕ್ಕವನ ಪ್ಯಾಂಟಿನ ತುಂಬ ಬೋರು ಕೊರೆದ ಬೂದು ಧೂಳು.

“ಊರಿಗೆಲ್ಲ ಒಂದು ಬೋರು ಅಂತ ಕೊರೆಸಿದ್ವಿ. ಆರುನೂರು ಅಡಿ ಹೋದ್ರೂ ಬರೀ ಧೂಳು, ಜವರಣ್ಣ.”

“ಹೂಂ, ನೋಡ್ದೆ.”

“ನೀರು ತೋರ್ಸೋನ ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತಿತ್ತಲ್ಲ?”

“ನಮ್ಮ ಹೊಲದಲ್ಲೂ ಹಂಗೇ ನಿಂತಿತ್ತು.”

“ಅಲ್ಲಿ ನೀರು ಬಂತಲ್ಲ?”

“ಎಲ್ಲಿ ಬಂತು? ಮೂರು ವರ್ಷದಿಂದ ಪೈಪಿನ ಬಾಯಿಗೆ ಕಲ್ಲು ಮುಚ್ಚಿದೀನಿ.”

ಚಿಕ್ಕವನು ಅವನ ಕಡೆ ತಿರುಗಿ ಕೂತ.

“ಊರ ಮೀಟಿಂಗಲ್ಲಿ ನೀವು ಎದ್ದು ನಿಂತಿದ್ದು ನೋಡೇ ಎಲ್ರೂ ಅವನನ್ನೇ ಕರೆಸೋಣ ಅಂತ ಕೈ ಎತ್ತಿದ್ದು.”

“ಇವನ ಹತ್ರ ಜಾಗ ತೋರಿಸ್ಕೊಂಡೋರು ಯಾರಾದ್ರೂ ಇದೀರಾ ಅಂದ್ರು. ಎದ್ದೆ. ನೀರು ಬಂತಾ ಅಂತ ಯಾರೂ ಕೇಳ್ಲಿಲ್ಲ.”

“ನೀವೇ ಹೇಳ್ಬೋದಿತ್ತು.”

“ಅಷ್ಟು ಜನರ ಮುಂದೆ ಮೋಸ ಹೋದೆ ಅನ್ನೋಕೆ ನಾಚಿಕೆ ಆಯ್ತು ಕಣೋ.”

“ಭಾನುವಾರ ಇನ್ನೊಂದು ಜಾಗ ತೋರ್ಸೋಕೆ ಅವನೇ ಬರ್ತಾನಂತೆ.”

ಅವರ ಬಸ್ಸು ಬಂತು. ಜವರಣ್ಣ ಮಂಡಿ ಹಿಡಿದುಕೊಂಡು ಎದ್ದ.

“ಈ ಸಲ ಹೇಳ್ತೀನಿ,” ಎಂದ, ಮೆಟ್ಟಿಲ ಮೇಲೆ ಕಾಲಿಡುತ್ತಾ. “ಯಾರಾದ್ರೂ ಕೇಳಿದ್ರೆ.”