ಕುಣಿಮಗ್ಗಕ್ಕ ಇದ್ದ ಅಡ್ಡಿಗಳು

ಹಲೋ... ಹಾಂ, ಯಾರು ಮಾತಾಡೂದು? ನಂಬರು ಶ್ವೇತಾಂದು ತೋರಸ್ತೈತಿ, ದನಿ ಗಂಡಸರದು ಬರಾಕತ್ತೈತಿ...

ಓ, ಈಶಪ್ಪಣ್ಣ. ಮಗಳ ಫೋನಿಂದ ಮಾಡೀರಿ. ಹೂಂ, ನಾನ, ಗೌಸುಸಾಬ. ನಿಮ್ಮ ಫೋನು ಮೂರು ಸಲ ಬಂದಿತ್ತು. ಸುಳ್ಳು ಯಾಕ ಹೇಳ್ಲಿ, ಬೇಕಂತನ ಎತ್ತಲಿಲ್ಲ. ನರಗುಂದದಾಗ ಒಂದು ಗೋದಾಮಿಗೆ ಶಟರ್ ಕೂಡಸಾಕತ್ತೀನಿ. ಎರಡೂ ರಟ್ಟಿ ಬಿದ್ದು ಹೋಗ್ಯಾವ. ಹನ್ನೆರಡು ಮಂದಿ ಎತ್ತೂದನ್ನ ಒಬ್ಬನ ಎತ್ತೀನಿ...

ಹೌದ್ರಿ, ಹನ್ನೆರಡು. ಸುಮ್ಮನ ಹೇಳ್ತೀನೇನು...

ಹಾಂ, ಸ್ಟ್ಯಾಂಡಿನ ಸುದ್ದಿ. ಗೊತ್ತಾತು. ಮಗ್ಗ ಎತ್ತಿ ಅದರ ಮ್ಯಾಲ ಇಟ್ರಿ, ಮಗ್ಗದ ನೆತ್ತಿ ಮ್ಯಾಲಿನ ಜಕಾರ್ಡ್ ಪೆಟ್ಟಿಗಿ ತೊಲಿಗೆ ಬಡೀತು. ಅಲ್ಲೇನ್ರಿ?... ಮತ್ತ ಕೆಳಗ ಇಳಿಸಿ ನೆಲದಾಗಿನ ಕುಣಿಯಾಗ ಮೊದಲಿದ್ದಂಗ ಕೂಡಿಸೀರಿ. ಚಲೋ ಮಾಡೀರಿ...

ತಪ್ಪು ನನ್ನದು ಅಂದ್ರ ಹ್ಯಾಂಗ? ನಿಮ್ಮ ಮನಿಯಾಕಿ ಸಿದ್ದಕ್ಕಗ ಮೊಳಕಾಲು ಮಡಚಿ ನೆಲಕ್ಕ ಕುಂದ್ರಾಕ ಆಗವಲ್ದು, ದವಾಖಾನ್ಯಾಗ ಬ್ಯಾಡಂದಾರ, ಮಗ್ಗಾನ ಮ್ಯಾಲ ಎತ್ತಿ ಕೊಡು ಅಂದ್ರಿ. ಎತ್ತಿ ಕೊಟ್ಟೆ. ಆನಿ ಹತ್ತಿ ಕುಣಿದ್ರೂ ಅಲುಗಾಡದ ಸ್ಟ್ಯಾಂಡು, ಒಂದ ತಾಸಿನ್ಯಾಗ ಮಾಡಿದ್ದು. ಮೆಣಸಗಿಗೆ ಹೊಳಿ ಬಂದಾಗ ನಾ ಮಾಡಿದ ಗೇಟು ನೋಡಿ ಹೊಳಿನ ಹೊಳ್ಳಿ ಹೋಗೇತಿ...

ಇಲ್ಲ, ತೊಲಿ ಅಳತಿ ತಗೊಂಡಿರಲಿಲ್ಲ. ನನಗ ಕಣ್ಣ ಟೇಪು...

ಏನಂದ್ರಿ? ಲಾರಿ ಹೋತು, ಇನ್ನೊಮ್ಮೆ ಹೇಳ್ರಿ... ನಾಳೆ ಮಗ್ಗ ಬಿಚ್ಚಿ ಕೊಟ್ಟುಬಿಡ್ತೀರಿ? ಕುಣಿ ಮುಚ್ಚಿ ಫರಸಿ ಹಾಕಸ್ತೀರಿ? ರಾಜೂರಿಂದ ಟ್ರ್ಯಾಕ್ಟರ್ ಹೇಳೀರಿ?...

ಸಿದ್ದಕ್ಕ ಏನಂದ್ಲು?...

ಹತ್ತು ದಿನದಿಂದ ಅರ್ಧ ನೇಯ್ದ ಸೀರಿ ಮುಂದ ಕುರ್ಚಿ ಹಾಕ್ಕೊಂಡು ಕುಂತಿರ್ತಾಳ...

ತಡೀರಿ. ಪಾನಾ ಕೆಳಗ ಇಡ್ತೀನಿ... ಹಾಂ, ಕುಂತೆ.

ನನ್ನ ಮಗಳು ಸಿಮ್ರಾನ ಡಿಪ್ಲೊಮಾ ಓದ್ತಾಳಲ್ಲ, ಹೋದ ವಾರ ನನ್ನ ಮಾರಿ ಮ್ಯಾಲನ ಅಂದ್ಲು. ಅಬ್ಬಾ, ಕಬ್ಬಿಣ ಕೊಯ್ಯೂಕಿಂತ ಮೊದಲು ಅಡ್ಡಿ ಏನೇನು ಅದಾವ ಬರಕೋ. ಯಾವುದನ್ನ ಮುಟ್ಟಂಗಿಲ್ಲ, ಯಾವುದು ಇಲ್ಲದಿದ್ರ ನಡಿಯಂಗಿಲ್ಲ. ಇದನ್ನ ಆಕಿಗೆ ಕಲಿಸಿದಂವ ನಾನ, ನಡುವ ನನಗ ಮರತಿತ್ತು ಅಷ್ಟ. ಹೇಳ್ರಿ, ಈ ಶಟರ್ ಮ್ಯಾಲನ ಸುಣ್ಣದ ಕಡ್ಡೀಲೆ ಬರಕೋತೀನಿ...

ತೊಲಿ ಮುಟ್ಟಂಗಿಲ್ಲ. ಬರಕೊಂಡೆ. ಮುಂದ?...

ನೂಲೇ? ಹಾಂ... ಕುಣಿಯ ತಂಪಿಗೆ ನೂಲು ಮೆತ್ತಗಿರ್ತೈತಿ, ಮ್ಯಾಲ ಎತ್ತಿದ್ರ ಒಣಗಾಳಿಗೆ ಪಟಪಟ ಹರೀತೈತಿ? ಈಶಪ್ಪಣ್ಣ, ಇದನ್ನ ಅವತ್ತ ಯಾಕ ಹೇಳಲಿಲ್ಲ?...

ಎಲ್ಲಾರಿಗೂ ಗೊತ್ತಿರೂದು ಅಂತ. ನಿಮ್ಮ ಓಣಿಯಾಗ ಎಲ್ಲಾರಿಗೂ ಗೊತ್ತು, ನಾನು ಗೇಟು ಮಾಡಾಂವ. ನಾನೂ ಕೇಳಲಿಲ್ಲ ಬಿಡ್ರಿ. ಅಂದ್ರ ತೊಲಿ ಮುಗಿಲಿನಷ್ಟು ಎತ್ತರ ಇದ್ದಿದ್ರೂ ನನ್ನ ಸ್ಟ್ಯಾಂಡು ಉಪಯೋಗಕ್ಕ ಬರ್ತಿರಲಿಲ್ಲ. ಗಜೇಂದ್ರಗಡದಾಗ ಈ ಮಾತು ಯಾರ ಮುಂದೂ ಆಡಬ್ಯಾಡ್ರಿ...

ಒಂದು ಕೇಳ್ತೀನಿ. ಕುಣಿಯಾಗ ಕಾಲು ಬಿಟ್ಟು ಕುಂತ ಮ್ಯಾಲ ಮೊಳಕಾಲು ನೋಯ್ತಾವೇನು?... ಇಲ್ಲ. ಕುಂದ್ರೂವಾಗ, ಏಳೂವಾಗ ಅಷ್ಟ?...

ಹಂಗಾದ್ರ ನಾವು ಹಿಡಿದ ಲೆಕ್ಕನ ಬ್ಯಾರೆ ಆತಲ್ರಿ. ಮಗ್ಗ ಎತ್ತೂದಲ್ಲ, ಸಿದ್ದಕ್ಕ ಸಲೀಸಾಗಿ ಇಳಿದು ಹತ್ತೂದು ಬೇಕಾಗಿತ್ತು. ಮಗ್ಗ ಅಲ್ಲೇ ಇರಲಿ. ಕುಣಿಯ ಬಗಲಿಗೆ ನೆಲ ತೋಡಿ ಮೂರು ಮೆಟ್ಟಲ ಮಾಡೂಣು, ಹಿಡಕೊಳ್ಳಾಕ ಒಂದು ಪೈಪು. ನಡಕೋಂತ ಇಳಿದು, ಕುಣಿಯಾಗ ನಿಂತು, ಹಿಂದಿನ ದಂಡಿಗೆ ಕುರ್ಚಿ ಮ್ಯಾಲ ಕುಂತಂಗ ಕುಂದರ್ತಾಳ. ನೆಲಕ್ಕ ಕಾಲು ಮಡಚೂದ ಇಲ್ಲ...

ಎಡಕ್ಕ ಗ್ವಾಡಿ. ಬಲಕ್ಕ ಏನೈತಿ?... ಮಂಚ. ಯಾರದು?... ನಿಮ್ಮದು. ಸರಸ್ರಿ...

ಸರಸಂಗಿಲ್ಲ? ಮ್ಯಾಲ ಫ್ಯಾನ್ ಐತಿ?... ಈಶಪ್ಪಣ್ಣ, ತೊಲಿ ಮುಟ್ಟಿದ್ರ ಮನಿ ಬೀಳ್ತೈತಿ, ಖರೇ. ತಂಪು ಹೋದ್ರ ನೂಲು ಹರೀತೈತಿ, ಅದೂ ಖರೇ. ಮಂಚ ಸರಿಸಿದ್ರ ಏನಾಕ್ಕೈತಿ?...

ನಿಮ್ಮ ನಿದ್ದಿ ಕೆಡ್ತೈತಿ. ಬರಕೊಂಡೆ... ಅಳಿಸಿದೆ.

ಇನ್ನೊಂದು. ಮೆಟ್ಟಲಾದ್ರೂ ನೋಯೂ ಕಾಲು ನೋಯೂ ಕಾಲ. ದಿನಕ್ಕ ಎಷ್ಟು ಸಲ ಎದ್ದು ಮ್ಯಾಲ ಬರ್ತಿದ್ಲು?... ಎರಡ?...

ನೋಡ್ರಿ, ಹನ್ನೆರಡು ಮಂದಿ ಎತ್ತೂದು ಅಂದ್ನಲ್ಲ, ಅದು ಇಬ್ಬರು ಎತ್ತೂದು. ನಾ ಖರೇ ಹೇಳಿದೆ, ಈಗ ನೀವು ಹೇಳ್ರಿ...

ಆಗಲಿ, ಫೋನು ಸಿದ್ದಕ್ಕನ ಕೈಯಾಗ ಕೊಡ್ರಿ... ಕೊಡ್ರಿ ಅಂದೆ.

ಸಿದ್ದಕ್ಕ, ನಾನವ್ವ, ಗೌಸು. ಬ್ಯಾರೆ ಏನೂ ಮಾತಾಡಬ್ಯಾಡ, ದಿನಕ್ಕ ಎಷ್ಟು ಸಲ ಕುಣಿಯಿಂದ ಎದ್ದು ಬರ್ತಿದ್ದಿ, ಎಣಿಸಿ ಹೇಳು ಸಾಕು...

ಹನ್ನೊಂದು. ಯಾತಕ್ಕ?... ಚಾಕ್ಕ ಐದು ಸಲ. ಹೂಂ... ಕುಡಿಯೂ ನೀರು... ಟವೆಲ್ಲು... ಟೀವಿ ರಿಮೋಟು ಮಂಚದ ಕೆಳಗ ಬಿದ್ರ... ಅದಕ್ಕೂ ನೀನ?... ಸಾಕವ್ವ, ಶಟರ್ ಮ್ಯಾಲ ಜಾಗ ಮುಗೀತು. ಫೋನು ಅವರಿಗೆ ಕೊಡು...

ಈಶಪ್ಪಣ್ಣ, ಅಡ್ಡಿ ಸಿಕ್ತು ನೋಡ್ರಿ. ತೊಲಿಗಿಂತ ದೊಡ್ಡದು, ಮಂಚದ ಮ್ಯಾಲ ಮಕ್ಕೊಂಡೈತಿ...

ಸಿಟ್ಟಾಗಬ್ಯಾಡ್ರಿ. ನಾಳೆ ಮುಂಜಾನೆ ಮೊದಲನೇ ಬಸ್ಸಿಗೆ ಬರ್ತೀನಿ. ಟೇಪು ತರ್ತೀನಿ, ಕಬ್ಬಿಣದ್ದು. ಟ್ರ್ಯಾಕ್ಟರಿಗೆ ಬ್ಯಾಡ ಅಂತ ಫೋನು ಹಚ್ಚಿಬಿಡ್ರಿ. ಮೆಟ್ಟಲ ನಾ ಮಾಡ್ತೀನಿ. ಚಾ ನೀವ ಮಾಡಬೇಕು, ಆಕೀದೂ ಒಂದು ಕಪ್ಪು ಕುಣಿಯ ದಂಡಿಗೆ ತಂದಿಡಬೇಕು. ಇಲ್ಲದಿದ್ರ ನನ್ನ ಮೆಟ್ಟಲೂ ಸ್ಟ್ಯಾಂಡಿನ ಹಂಗ ಹಿತ್ತಲಕ್ಕ ಬೀಳ್ತೈತಿ...

ಹಲೋ... ಅದೀರೇನು? ಅಲ್ಲಿ ನಕ್ಕಿದ್ದು ಯಾರು?... ಸಿದ್ದಕ್ಕನ?...

ಹಾಂ. ಈಗ ಏನು ಸಪ್ಪಳ ಅದು, ಪಾತೇಲಿ ಬಿತ್ತೇನು?... ಏನಂದ್ರಿ, ಚಾಪುಡಿ ಡಬ್ಬಿ ಎಲ್ಲಿರ್ತೈತಿ? ಗಜೇಂದ್ರಗಡದ ಮನಿಯ ಚಾಪುಡಿ ನರಗುಂದದಾಗ ಕುಂತ ನನಗ ಕೇಳ್ತೀರಲ್ರಿ. ಆಕೀನ ಕೇಳ್ರಿ. ಎದ್ದು ಬಂದು ತೋರಸಬ್ಯಾಡ ಅನ್ರಿ, ಕುಂತಲ್ಲಿಂದನ... ಹಲೋ... ಈಶಪ್ಪಣ್ಣ, ಸಕ್ರಿ ಆಮ್ಯಾಲ ಹಾಕ್ರಿ...