ಇನ್ನೂ ಒಂದು ಹಕ್ಕಿ ಇದೆ

...ಅಲ್ಲ, ಇನ್ನೂ ಒಂದು ಇದೆ ಅಂತಿದ್ದೀನಲ್ಲ! ಕೀ ಕೆಳಗಿಡು. ಇಡಯ್ಯ, ಓರ್ವಿಲ್! ನಿನ್ನ ಆ ಟ್ರೈಲರ್ ಮನೆನ ಗಾಡಿಗೆ ಕಟ್ಟಿಬಿಟ್ಟ ಮಾತ್ರಕ್ಕೆ ಹೊರಟೇಬಿಡಬೇಕಾ? ಇದು ನಿಂದೇ ಕಾನೂನು, ನಂದಲ್ಲ. ಪ್ರತಿ ಸೆಪ್ಟೆಂಬರಲ್ಲೂ ಹಕ್ಕಿ ನೋಡೋಕೆ ಅಂತ ಬಂದು ನನ್ನ ಓಕ್ ಮರದ ಕೆಳಗೆ ಟ್ರೈಲರ್ ನಿಲ್ಲಿಸಿ, ಇಳಿದ ತಕ್ಷಣ ಭಾಷಣ ಬಿಗೀತೀಯಲ್ಲ... "ನೋಡು ವರ್ನಾ, ಕೊನೇ ಹಕ್ಕಿ ಸಮುದ್ರ ದಾಟೋವರೆಗೂ ಸಕ್ಕರೆ ನೀರಿನ ಬಾಟಲಿ ಇಳಿಸಬಾರದು. ಬಾಟಲಿ ಇಳಿಸೋವರೆಗೂ ನಾನು ಹೊರಡಲ್ಲ." ಅಂದಿದ್ದೀಯೋ ಇಲ್ವೋ? ಮತ್ತೆ! ಕೂತ್ಕೋ.

ಯಾವ ಹಕ್ಕಿನಾ? ಆ ರೌಡೀನೇ, ಇನ್ಯಾವುದು! ಹೆಬ್ಬೆರಳಷ್ಟಿಲ್ಲ, ಬಾಟಲಿ ಅವರಪ್ಪನ ಆಸ್ತಿ ಅನ್ನೋ ಹಾಗೆ ಆಡುತ್ತಲ್ಲ, ಅದು. ಹೋದ ತಿಂಗಳು ಅಂಗಳದ ತುಂಬಾ ಹಮ್ಮಿಂಗ್‌ಬರ್ಡುಗಳು ಗುಂಯ್ ಅಂತಿದ್ವು, ಇದೊಂದು ಮೊಗ್ಗುದಾಸವಾಳದ ಪೊದೇಲಿ ಕೂತು ಒಂದನ್ನೂ ಬಾಟಲಿ ಹತ್ರ ಬಿಡ್ತಿರಲಿಲ್ಲ. ಡಲ್ಲಾಸಿಂದ ಬಂದಿದ್ದ ಆ ಹೆಂಗಸಿನ ಕೆಂಪು ಟೋಪಿ ಮೇಲೇ ಎರಗಿತಲ್ಲ! ಅವಳು ಕಿರುಚಿಕೊಂಡು ಕಾರೊಳಗೆ ಹೊಕ್ಕಿದ್ದು... ನಗು, ನಗು. ನಕ್ಕರೆ ಚೆನ್ನಾಗಿ ಕಾಣ್ತೀಯ. ಬೆಳಗ್ಗಿಂದ ಮುಖ ಗಂಟು ಹಾಕ್ಕೊಂಡು ಕೂತಿದ್ದೀಯ.

ಹೂಂ, ಇವತ್ತು ಬೆಳಗ್ಗೆನೂ ಬಂದಿತ್ತು. ನೀನು ಏಳೋಕೆ ಮುಂಚೆ. ನೀನು ಏಳೋದು ಸೂರ್ಯ ನೆತ್ತಿಗೆ ಬಂದ ಮೇಲೆ ತಾನೇ, ಪಾಪ, ಅದು ನಿನಗೋಸ್ಕರ ಕಾಯ್ತಾ ಕೂತಿರುತ್ತಾ? ಬೇಕಾದ್ರೆ ಬಾಟಲಿ ನೋಡು. ರಾತ್ರಿ ಎಷ್ಟಿತ್ತು, ಈಗ ಎಷ್ಟಿದೆ! ಗಾಳಿ ಕುಡೀತಾ ಅದನ್ನ? ಅದೂ ಬೇಡ... ನಿನ್ನೆ ನೀನೇ ಹೇಳಲಿಲ್ವಾ, "ಹೌದು ವರ್ನಾ, ಬೇಲಿ ಹತ್ರ ನಾನೂ ನೋಡ್ದೆ" ಅಂತ? ಹೇಳಿದೆ ತಾನೇ? ಸರಿ ಮತ್ತೆ.

ಏಯ್, ಅದು ನನ್ನ ಕಾಫಿ ಕಪ್ಪು! ಮುಟ್ಟಬೇಡ, ನಿಂಗೆ ಬೇರೆ ಬಗ್ಗಿಸಿ ಕೊಡ್ತೀನಿ... ಅಯ್ಯೋ, ಕುಡಿದೇಬಿಟ್ಯಾ? ಏನು ಹಾಗೆ ಮುಖ ಕಿವುಚ್ತೀಯ? ಸ್ವಲ್ಪ ಸಿಹಿ ಜಾಸ್ತಿ, ಅಷ್ಟೇ. ಗೊತ್ತು, ಹುಟ್ಟಿದಾಗಿಂದ ಸಕ್ಕರೆ ಮುಟ್ಟದೆ ಕರೀ ಕಾಫಿ ಕುಡಿದೋಳು ನಾನು. ವಯಸ್ಸಾಯ್ತಪ್ಪ, ನಾಲಿಗೆ ಕೇಳುತ್ತೆ. ಅದಕ್ಕೂ ನಿನ್ನ ಅಪ್ಪಣೆ ಬೇಕಾ?

ಪಕ್ಕದ ಮನೆ ಮೆಲ್ಬಾ ಏನಂದ್ಲು ಗೊತ್ತಾ? "ಇನ್ನೂ ಬಾಟಲಿ ನೇತುಹಾಕಿದ್ದೀಯಾ ವರ್ನಾ? ಸಕ್ಕರೆ ನೀರಿನ ಆಸೆಗೆ ಹಕ್ಕಿ ಹೋಗದೆ ಇಲ್ಲೇ ಉಳಿದುಬಿಡುತ್ತೆ, ಆಮೇಲೆ ಚಳೀಲಿ ಸಾಯುತ್ತೆ, ಆ ಪಾಪ ನಿಂಗೇ" ಅಂತ. ಈ ಊರಲ್ಲಿ ಅರ್ಧ ಜನ ಹೀಗೇ ಬಾಯಿ ಬಡ್ಕೋತಾರೆ. ನಾನು ಬಿಡ್ತೀನಾ? ಅಂದೆ, ಹೋಗೇ ಮಂಕೇ, ಸಕ್ಕರೆ ನೀರು ಇಟ್ಟು ಯಾರನ್ನಾದ್ರೂ ಕಟ್ಟಿಹಾಕೋಕಾಗುತ್ತೇನೇ! ಕುಡಿದು ಕುಡಿದು ದಪ್ಪ ಆಗ್ತವೆ, ಉತ್ತರದ ಗಾಳಿ ಬೀಸಿದ ದಿನ ತಿರುಗಿ ಕೂಡ ನೋಡದೆ ಮೆಕ್ಸಿಕೋ ಕಡೆ ಹೊರಟುಬಿಡ್ತವೆ. ಹೋಗೋರು ಹೋಗೇ ಹೋಗ್ತಾರೆ... ಹೋಗ್ತವೆ ಅಂದೆ. ಹಕ್ಕಿ ವಿಷಯ ಹೇಳ್ತಿದ್ದೀನಿ.

ಎಲ್ಲಿಗೆ ಎದ್ದೆ? ಬಾಟಲಿ ಹತ್ರ ಏನಿದೆ ನೋಡೋಕೆ? ಕನ್ನಡಕ ಬೇರೆ ಹಾಕ್ಕೋತಿದ್ದಾನೆ, ನೋಡಪ್ಪ! ಏನು... ಜೇಡರ ಬಲೆನಾ? ಅದು... ಈಗ ಕಟ್ಟಿರುತ್ತೆ. ಜೇಡಕ್ಕೇನು ಕೆಲಸ? ಐದು ನಿಮಿಷ ಸಾಕು ಅದಕ್ಕೆ... ಹೂಂ, ಕಾಣ್ತಿದೆ ನಂಗೂ, ಬಾಟಲಿ ಕೆಳಗೆ ಹಕ್ಕಿ ಕೊಕ್ಕಿಡೋ ಅಷ್ಟೂ ಕೆಂಪು ಪ್ಲಾಸ್ಟಿಕ್ ಹೂವಿಗೆ ಅಡ್ಡಡ್ಡ ಕಟ್ಟಿದೆ. ಎಳೆ ಹರಿದಿಲ್ಲ. ರಾತ್ರಿ ಇಬ್ಬನಿನೂ ಹಾಗೇ ಕೂತಿದೆ. ಹಾಗಂತ... ಕೊಕ್ಕು ಸಣ್ಣದು ಕಣಯ್ಯ, ಸಂದೀಲಿ ತೂರಿಸಿ...

ಓರ್ವಿಲ್?

ಕನ್ನಡಕ ಯಾಕೆ ತೆಗೀತಿದ್ದೀಯ? ಬಯ್ಯೋದಾದ್ರೆ ಬಯ್ದುಬಿಡು.

ಆಯ್ತು. ಇಲ್ಲ. ಹಕ್ಕಿ ಇಲ್ಲ. ಹೋದ ವಾರ ಗಾಳಿ ತಿರುಗಿತಲ್ಲ, ಅವತ್ತೇ ಹೋಯ್ತು ರೌಡಿ. ಮಾರನೇ ದಿನ ಮಧ್ಯಾಹ್ನದವರೆಗೂ ಕಾದೆ, ಒಂದೂ ಬರಲಿಲ್ಲ. ದಿನಾ ಬೆಳಗ್ಗೆ ಬಾಟಲಿ ಮೇಲಿನ ಮುಚ್ಚಳ ತೆಗೆದು ನಾನೇ ಒಂದಿಷ್ಟು ಬಗ್ಗಿಸಿಕೊಂಡೆ. ಚೆಲ್ಲೋಕೆ ಮನಸ್ಸು ಬರಲಿಲ್ಲ, ಕಾಫಿಗೆ ಹಾಕ್ಕೊಂಡು ಕುಡಿದೆ. ದರಿದ್ರ ಕಾಫಿ! ಆದರೂ ಕುಡಿದೆ. ಯಾಕೆ ಅಂತ ಕೇಳಬೇಡ. ನೀನು ಹೋದ ಮೇಲೆ ಈ ಎರಡನೇ ಕುರ್ಚಿನ ನಾನು ಒಳಗೆ ಎತ್ತಿಡ್ತೀನಲ್ಲ... ಅದನ್ನ ಎತ್ತಿಡೋಕೆ ನಂಗಿಷ್ಟ ಇಲ್ಲ, ಅಷ್ಟೇ. ಹೋಗು. ನಿನ್ನ ತಂಗಿ ಕಾಯ್ತಿರ್ತಾಳೆ. ಆ ನೆಬ್ರಾಸ್ಕಾ ಹಿಮದಲ್ಲಿ ನಡುಗ್ತಾ ಕೂತ್ಕೋ, ಹೋಗು!

ನಗ್ತಿದ್ದೀಯಾ? ಇದರಲ್ಲಿ ನಗೋದೇನಿದೆ? ನಾನಿಲ್ಲಿ ಮಾನ ಬಿಟ್ಟು ಎಲ್ಲಾ ಹೇಳಿದ್ರೆ...

ತಡಿ. ತಡಿ ತಡಿ. ರೌಡಿ ಹೋಗಿ ವಾರ ಆಯ್ತು. ನಿನ್ನೆ ನೀನು... "ಬೇಲಿ ಹತ್ರ ನಾನೂ ನೋಡ್ದೆ" ಅಂದೆಯಲ್ಲ? ಏನು ನೋಡ್ದೆ? ಎಲ್ಲಿ ನೋಡ್ದೆ? ಅಯ್ಯೋ ಕಳ್ಳ ಮುದುಕಾ! ನಿಂಗೆ ಮೊದಲೇ ಗೊತ್ತಿತ್ತಾ? ನಾನು ಆ ದರಿದ್ರ ಕಾಫಿ ಗುಟುಕು ಗುಟುಕಾಗಿ ನುಂಗ್ತಿದ್ರೆ, ಎದುರಿಗೆ ಕೂತು ಹೂಂಗುಟ್ಟಿದ್ಯಲ್ಲೋ!

ಎಲ್ಲಿಗೆ ಹೊರಟೆ ಬಾಟಲಿ ಬಿಚ್ಕೊಂಡು? ತೊಳೆದು ಎತ್ತಿಡ್ತೀಯಾ? ಹೂಂ, ಇಡು. ಅದನ್ನಿಡೋ ಡಬ್ಬ ಮೇಲಿನ ಗೂಡಲ್ಲಿದೆ, ಪ್ರತಿ ವರ್ಷ ಇಡೋ ಜಾಗದಲ್ಲೇ... ಓರ್ವಿಲ್? ಒಳಗೇನು ಸದ್ದು? ಒಲೆ ಯಾಕೆ ಹಚ್ಚಿದೆ? ಅದು ಸಕ್ಕರೆ ಡಬ್ಬ ಕಣಯ್ಯ! ಹಕ್ಕಿ ಇಲ್ಲ ಅಂದ್ನಲ್ಲ, ಒಂದೂ ಇಲ್ಲ! ಮತ್ತೆ ಬಾಟಲಿ ತುಂಬೋ ಅಷ್ಟು ಯಾರಿಗೆ ಕಾಯಿಸ್ತಿದ್ದೀಯ?

...

ಒಂದು ಲೋಟ ಸಕ್ಕರೆಗೆ ನಾಲ್ಕು ಲೋಟ ನೀರು, ಕೇಳಿಸ್ತಾ? ನೀರು ಕಮ್ಮಿ ಮಾಡಬೇಡ. ಕಾಫಿ ಕುಡಿಯೋಕಾಗಲ್ಲ.